ಒಂದೇ ಸೂರಿನಡಿ ಇಸಿಜಿ, ಯೋಗ, ಕಷಾಯ: ಅಮ್ಮನ ಜೊತೆ ಹೋಗಿ ಬಂದ ಹಾರ್ಟ್ ಚೆಕಪ್

2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ದಿನಾ ಟೀವಿಯಲ್ಲಿ ಬರ್ತಿದ್ದಾಗ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ನಾವು ಹಾಸನದವರೇ, ಕೆಲಸಕ್ಕೆ ಅಂತ ಮೈಸೂರು ಸೇರಿದವರು. ಎಡಗೈ ಸ್ವಲ್ಪ ಜುಮ್ ಅಂದರೂ ಹೃದಯವೇ ಇರಬೇಕು ಅನ್ನಿಸುತ್ತಿತ್ತು. ಇಲ್ಲಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. 2021ರಲ್ಲಿ ಅಪ್ಪು ಹೋದಾಗಲೂ ಹೀಗೇ ಆಗಿತ್ತು, ಅಲ್ವಾ? ನಿಜವಾಗಿ ಎದೆನೋವು ಇರುವವರ ಜಾಗದಲ್ಲಿ ನಾವ್ಯಾಕೆ ನಿಲ್ಲೋದು ಅಂತ, ಗಲಾಟೆ ತಣ್ಣಗಾದ ಮೇಲೆ ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆವು. ನನಗೆ 43, ಅಮ್ಮನಿಗೆ 66. ಅಮ್ಮನಿಗೆ ಶುಗರ್, ಬಿಪಿ ಎರಡೂ ಇದೆ.

ಹೆಸರು ಹೇಳಲ್ಲ. ಬೋರ್ಡಿನ ಮೇಲೆ 'ಹೃದಯಕ್ಕೆ ಸಮಗ್ರ ಆರೈಕೆ' ಅಂತಿದೆ. ಹೃದಯ ತಜ್ಞರು, ಆಯುರ್ವೇದ ವೈದ್ಯರು, ಡಯಟಿಷಿಯನ್, ಯೋಗ ಟೀಚರ್ ನಾಲ್ಕೂ ಜನ ಅಲ್ಲೇ ಸಿಗ್ತಾರೆ. ಇಬ್ಬರ ಪ್ಯಾಕೇಜಿಗೆ ಸೇರಿ 17,400 ರೂಪಾಯಿ ಆಯ್ತು.

ಮೊದಲು ಚೆನ್ನಾಗಿದ್ದದ್ದು ಹೇಳ್ತೀನಿ. ಹೃದಯ ತಜ್ಞರು ನಮ್ಮಿಬ್ಬರ ಜೊತೆ ಮುಕ್ಕಾಲು ಗಂಟೆ ಕೂತು ಮಾತಾಡಿದರು. ನಮ್ಮ ಅಪ್ಪ ಯಾವ ವಯಸ್ಸಿನಲ್ಲಿ ಹೋದರು, ರಾತ್ರಿ ಎಷ್ಟು ಗಂಟೆಗೆ ಊಟ, ಗೊರಕೆ ಹೊಡೀತೀರಾ, ಎಲ್ಲ ಕೇಳಿದರು. ಪ್ಯಾಕೇಜಿನಲ್ಲಿ ಇಬ್ಬರಿಗೂ ಸಿಟಿ ಕ್ಯಾಲ್ಸಿಯಂ ಸ್ಕೋರ್, ಅಂದರೆ ಹೃದಯದ ರಕ್ತನಾಳದಲ್ಲಿ ಸುಣ್ಣ ಎಷ್ಟು ಕಟ್ಟಿದೆ ಅಂತ ನೋಡೋ ಸ್ಕ್ಯಾನ್, ಇತ್ತು. ಅಮ್ಮನದನ್ನು ಅವರೇ ಹೊಡೆದು ಹಾಕಿದರು. ಶುಗರ್ ಇರೋದ್ರಿಂದ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಹೇಗೂ ಬೇಕು, ಸ್ಕೋರ್ ಎಷ್ಟು ಬಂದರೂ ಅದು ಬದಲಾಗಲ್ಲ, ಸುಮ್ನೆ ದುಡ್ಡು ಯಾಕೆ ಅಂದರು. ನನಗೆ ಮಾಡಿದರು, 12 ಬಂತು. ಸೊನ್ನೆ ಬಂದರೆ ಒಳ್ಳೇದು, 100 ದಾಟಿದರೆ ಮಾತ್ರೆ ಬಗ್ಗೆ ಗಂಭೀರವಾಗಿ ಯೋಚಿಸಬೇಕು, 400 ದಾಟಿದರೆ ಜಾಸ್ತಿ ಅಪಾಯ ಅಂತ ವಿವರಿಸಿದರು. ಇದು ಸುಣ್ಣಗಟ್ಟಿದ ಕೊಬ್ಬನ್ನು ಮಾತ್ರ ತೋರಿಸುತ್ತೆ, ಮೆತ್ತಗಿನದು ಕಾಣಲ್ಲ, ಹಾಗಾಗಿ ಸ್ಕೋರ್ ಕಡಿಮೆ ಬಂತು ಅಂತ ಬೇಕಾಬಿಟ್ಟಿ ತಿನ್ನಬೇಡಿ ಅಂತ ಬೈದೂ ಕಳಿಸಿದರು. ಲಿಪೊಪ್ರೋಟೀನ್ ಎ ಅನ್ನೋ, ಕೊಲೆಸ್ಟ್ರಾಲ್ ತರದ ಕೊಬ್ಬಿನ ರಕ್ತ ಪರೀಕ್ಷೆನೂ ಮಾಡಿಸಿದರು. ಅದು ಬಹುಪಾಲು ವಂಶದಿಂದ ಬರೋದಂತೆ, ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಮಾನ್ಯವಾಗಿ ಸಾಕಂತೆ.

ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಪರೀಕ್ಷೆ, ಅದರ ಕತೆ ಬೇರೆ. ಬೂಟು ಹಾಕ್ಕೊಂಡು, ಸಡಿಲ ಬಟ್ಟೆಯಲ್ಲಿ ಬನ್ನಿ ಅಂತ ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಅಮ್ಮ ಸೀರೆಯಲ್ಲೇ ಬಂದಿದ್ದರು. ನರ್ಸ್ ಎಲ್ಲಿಂದಲೋ ಒಂದು ಪೈಜಾಮ ತಂದು ಕೊಟ್ಟರು. ಮೂರು ಮೂರು ನಿಮಿಷಕ್ಕೆ ಮೆಷಿನ್ನಿನ ವೇಗವೂ ಏರುತ್ತೆ, ಏರೂ ಏರುತ್ತೆ. 220ರಿಂದ ವಯಸ್ಸು ಕಳೆದು, ಅದರ 85 ಪರ್ಸೆಂಟ್ ಬಡಿತ ಮುಟ್ಟಿಸಬೇಕು, ಅಂದರೆ ಅಮ್ಮನಿಗೆ 131. ಬರಿಗಾಲಲ್ಲಿ ಕಂಬಿ ಹಿಡ್ಕೊಂಡು ಆರು ನಿಮಿಷ ನಡೆದು, "ಚಾಮುಂಡಿ ಬೆಟ್ಟ ಹತ್ತೋದೇ ವಾಸಿ ಕಣಪ್ಪ" ಅಂದುಬಿಟ್ಟರು. ರಿಪೋರ್ಟಿನಲ್ಲಿ ಮೈಲ್ಡ್ ಪಾಸಿಟಿವ್, ಅಂದರೆ ಬ್ಲಾಕ್ ಇರಬಹುದೇನೋ ಅನ್ನೋ ಸಣ್ಣ ಅನುಮಾನ, ಅಂತ ಬಂತು.

ತಲೆನೋವು ಶುರುವಾಗಿದ್ದು ಇಲ್ಲಿಂದ. ಆ ರಿಪೋರ್ಟು ಡಾಕ್ಟರ ಕೈಗೆ ಹೋಗುವ ಮೊದಲೇ ಕೌಂಟರಿನ ಹುಡುಗನ ಕೈಗೆ ಹೋಗಿತ್ತು. ಅವನು ಒಳಗೆ ಕೂರಿಸಿ ಇಇಸಿಪಿ ಅಂತ ಶುರು ಮಾಡಿದ. ಕಾಲು, ತೊಡೆ, ಸೊಂಟದ ಕೆಳಗೆ ಬಿಪಿ ಪಟ್ಟಿ ತರದ್ದು ಕಟ್ಟಿ, ಹೃದಯದ ಬಡಿತಕ್ಕೆ ತಕ್ಕ ಹಾಗೆ ಗಾಳಿ ತುಂಬಿ ಬಿಡ್ತಾರೆ. ದಿನಕ್ಕೊಂದು ಗಂಟೆ, ಒಟ್ಟು 35 ಸಲ. "ಇದು ನ್ಯಾಚುರಲ್ ಬೈಪಾಸ್ ಸಾರ್, ಬ್ಲಾಕ್ ಕರಗುತ್ತೆ, ಆಪರೇಷನ್ ಬೇಡ" ಅಂದ. ಆಮೇಲೆ ಕೀಲೇಷನ್ ಡ್ರಿಪ್ ಅಂದ, ಅಂದರೆ ರಕ್ತದಲ್ಲಿನ ಲೋಹದ ಅಂಶ ಹೊರಹಾಕೋ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡೋದು. ಕೊನೆಗೆ ಸ್ಟ್ಯಾಟಿನ್ ನಿಧಾನಕ್ಕೆ ಬಿಡಬಹುದು ಅಂದ!

ಇಇಸಿಪಿ ಸುಳ್ಳಲ್ಲ. ಮಾತ್ರೆಗೂ ಬಗ್ಗದ ಎದೆನೋವು ಇದ್ದು, ಸ್ಟೆಂಟ್, ಬೈಪಾಸ್ ಎರಡೂ ಆಗದವರಿಗೆ ನೋವು ಕಡಿಮೆ ಮಾಡೋಕೆ ಅದನ್ನು ಬಳಸ್ತಾರೆ. ಬ್ಲಾಕ್ ಕರಗಿಸೋ ಮೆಷಿನ್ ಅಲ್ಲ ಅದು. ಅಮ್ಮನಿಗೆ ಎದೆನೋವೇ ಇಲ್ಲ. ಕೀಲೇಷನ್‌ನಂತೂ ಅಮೆರಿಕ, ಕೆನಡಾದಲ್ಲಿ, ಹಾರ್ಟ್ ಅಟ್ಯಾಕ್ ಆಗಿದ್ದ ಶುಗರ್ ರೋಗಿಗಳ ಮೇಲೆ ಎರಡನೇ ಸಲ ಪರೀಕ್ಷಿಸಿ, 2024ರಲ್ಲಿ ಪ್ರಯೋಜನ ಕಾಣಲಿಲ್ಲ ಅಂತ ಹೇಳಿದ್ದಾರೆ. ನಾನು ಬೇರೆ ಹೃದಯ ತಜ್ಞರ ಹತ್ತಿರ ಅಮ್ಮನನ್ನು ಕರ್ಕೊಂಡು ಹೋದೆ. ಟಿಎಂಟಿ ಹೆಂಗಸರಲ್ಲಿ ಹೀಗೆ ಸುಳ್ಳು ಪಾಸಿಟಿವ್ ತೋರಿಸೋದು ಉಂಟು ಅಂದರು, ಹೃದಯಕ್ಕೆ ಶ್ರಮ ಕೊಟ್ಟು ಸ್ಕ್ಯಾನ್‌ನಲ್ಲಿ ನೋಡೋ ಸ್ಟ್ರೆಸ್ ಎಕೋ ಮಾಡಿದರು, ನಾರ್ಮಲ್ ಬಂತು. ಸ್ಟ್ಯಾಟಿನ್ ಮುಟ್ಟಬೇಡಿ ಅಂದರು.

ತಮಾಷೆ ಅಂದರೆ ಇದೇ ಮಾತನ್ನು ಆ ಕ್ಲಿನಿಕ್ಕಿನ ಆಯುರ್ವೇದ ವೈದ್ಯರೇ ಮೊದಲು ಹೇಳಿದ್ದರು. ಅರ್ಜುನದ ತೊಗಟೆ, ಅದೇ ನಮ್ಮ ಹೊಳೆಮತ್ತಿ, ಹಾಲಲ್ಲಿ ಕುದಿಸಿ ಕುಡಿಯೋಕೆ ಹೇಳುವ ಮೊದಲು ಅಮ್ಮನ ಮಾತ್ರೆ ಚೀಲವನ್ನೆಲ್ಲ ಮೇಜಿನ ಮೇಲೆ ಸುರಿಸಿ ಒಂದೊಂದೇ ಓದಿದರು. "ಅಮ್ಮಾ, ಇದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ" ಅಂದರು. ಆ ಮನುಷ್ಯನಿಗೆ ಪೂರ್ತಿ ಮಾರ್ಕು.

ಅವರು ಓದಿದ್ದನ್ನು ಮಿಕ್ಕವರು ಓದಿರಲಿಲ್ಲ. ನನ್ನ ದೂರು ಇಷ್ಟೇ. ಯೋಗ ಟೀಚರ್ ಬಂದವರೇ ಕಪಾಲಭಾತಿ ಶುರು ಮಾಡಿಸಿದರು. ಬಿಪಿ ಇರುವವರಿಗೆ ಅದು ಬೇಡ ಅಂತಾರೆ, ಅಮ್ಮನಿಗೆ ಬಿಪಿ ಇರೋದು ಅವರಿಗೆ ಗೊತ್ತೇ ಇಲ್ಲ. ಹೇಳಿದ ಮೇಲೆ ಪಾಪ ತಕ್ಷಣ ನಿಲ್ಲಿಸಿ, ಕುರ್ಚಿ ಮೇಲೆ ಕೂತು ಮಾಡೋದು, ನಿಧಾನ ಉಸಿರಾಟ ಹೇಳಿಕೊಟ್ಟರು, ಚೆನ್ನಾಗಿಯೇ ಹೇಳಿಕೊಟ್ಟರು. ಡಯಟಿಷಿಯನ್ ಕೊಟ್ಟ ಚೀಟಿಯಲ್ಲಿ ಕಿನೋವಾ, ಅವಕಾಡೊ ಇತ್ತು. ಅಮ್ಮ "ಅದೇನ್ ಹಣ್ಣಪ್ಪ?" ಅಂದರು. ಮುದ್ದೆ, ಸೊಪ್ಪಿನ ಸಾರು ತಿನ್ನೋ ಮನೆಗೆ ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ, ಬೆಲ್ಲವೂ ಸಕ್ಕರೆಯೇ ಅಂದಿದ್ದರೆ ಸಾಕಿತ್ತು. ನಾಲ್ಕು ರೂಮು, ನಾಲ್ಕು ಫೈಲು, ಮಧ್ಯದಲ್ಲಿ ಓಡಾಡೋದು ಬಿಲ್ಲು ಒಂದೇ.

ಯೋಗ ಸುಮ್ನೆ ಅಂತ ನಾನು ಹೇಳ್ತಿಲ್ಲ. ಹಾರ್ಟ್ ಅಟ್ಯಾಕ್ ಆದ 3,959 ಜನರ ಮೇಲೆ ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಯೋಗ-ಕೇರ್ ಅನ್ನೋ ಅಧ್ಯಯನ ನಡೆದು 2020ರಲ್ಲಿ ಪ್ರಕಟ ಆಯ್ತು. ಯೋಗ ಮಾಡಿದವರು ತಮ್ಮ ಹಳೆ ಕೆಲಸಗಳಿಗೆ ಚೆನ್ನಾಗಿ ಮರಳಿದರು, ಆರೋಗ್ಯ ಸುಧಾರಿಸಿದೆ ಅಂದರು. ಸಾವು, ಮತ್ತೊಂದು ಅಟ್ಯಾಕ್ ಕಡಿಮೆಯಾಯ್ತು ಅಂತ ಮಾತ್ರ ಖಚಿತವಾಗಿ ತೋರಲಿಲ್ಲ. ಇದನ್ನೇ ಗೋಡೆ ಮೇಲೆ ಬರೆದು ಹಾಕಿದರೆ ನಾನೇ ನಾಲ್ಕು ಜನರನ್ನು ಕಳಿಸ್ತೀನಿ.

ಐದರಲ್ಲಿ ಮೂರು ಕೊಡ್ತೀನಿ. ಹೋಗೋದಾದರೆ ಹಳೆ ರಿಪೋರ್ಟು, ಮಾತ್ರೆ ಪಟ್ಟಿ ನಾಲ್ಕು ಜೆರಾಕ್ಸ್ ಮಾಡಿಸಿ, ಪ್ರತಿ ರೂಮಿನಲ್ಲೂ ನೀವೇ ಕೊಡಿ. ಬೂಟು ಮರೀಬೇಡಿ. ಇನ್ನು, ಎದೆ ಹಿಂಡ್ತಿದೆ, ಬೆವರು ಬರ್ತಿದೆ ಅಂದರೆ ಇಂಥ ಕಡೆ ಹೋಗಲೇಬೇಡಿ. ಊರಲ್ಲಿದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಓಡಿ, ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಅಮ್ಮ ಮಂಗಳವಾರದ ಯೋಗಕ್ಕೆ ಈಗಲೂ ಹೋಗ್ತಾರೆ, ಟೀಚರ್ ಇಷ್ಟ ಅಂತೆ. ಇಇಸಿಪಿ ಹುಡುಗ ವಾರಕ್ಕೊಂದು ಸಲ ಫೋನ್ ಮಾಡ್ತಾನೆ. ಹೋದ ಸಲ ಅಮ್ಮನೇ ಎತ್ತಿ, "ನಿಮ್ಮಮ್ಮಂಗೆ ಮಾಡ್ಸಿದೀಯೇನಪ್ಪಾ?" ಅಂತ ಕೇಳಿದರಂತೆ.