ಫಾರ್ಮ್ಯಾಟ್ ಮಾಡುವ ಮುನ್ನ ಒಂದು ದಿನ ತಡೆಯಿರಿ

ಕಂಪ್ಯೂಟರ್ ತೊಂದರೆ ಕೊಡುತ್ತಿದೆ ಎಂದಾಗ ಯಾರಾದರೂ ‘ಫಾರ್ಮ್ಯಾಟ್ ಮಾಡಿಬಿಡಿ, ಸರಿಹೋಗುತ್ತೆ’ ಅಂದರೆ ದಯವಿಟ್ಟು ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದೆ. ತೀರಿಹೋದ ನನ್ನ ಅಕ್ಕ ಏಳು ವರ್ಷ ನನಗೆ ಬರೆದಿದ್ದ ಇಮೇಲ್‌ಗಳೆಲ್ಲ ಹೋದವು. ತೊಂದರೆ ಮಾತ್ರ ಹೋಗಲಿಲ್ಲ.

ನನ್ನದು ಡೆಸ್ಕ್‌ಟಾಪ್, ವಿಂಡೋಸ್ 10. ಕೆಲಸ ಮಾಡುತ್ತಿರುವಾಗಲೇ ಹ್ಯಾಂಗ್ ಆಗುತ್ತಿತ್ತು. ಮೌಸ್ ಓಡಾಡುತ್ತಿತ್ತು, ಆದರೆ ಎಲ್ಲಿ ಒತ್ತಿದರೂ ಏನೂ ಆಗುತ್ತಿರಲಿಲ್ಲ. ಅರ್ಧ ನಿಮಿಷ, ಒಂದೊಂದು ಸಲ ಇನ್ನೂ ಜಾಸ್ತಿ. ಆಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ದಿನಕ್ಕೆ ಒಂದೆರಡು ಸಲ ಇದ್ದದ್ದು ವಾರ ಕಳೆಯುವಷ್ಟರಲ್ಲಿ ಗಂಟೆಗೊಂದು ಸಲ ಆಯಿತು. ರಿಪೇರಿ ಗೊತ್ತಿರುವ ಪರಿಚಯದ ಹುಡುಗನನ್ನು ಕರೆದೆ. ಎರಡು ನಿಮಿಷ ನೋಡಿ, “ವಿಂಡೋಸ್ ಕೆಟ್ಟಿದೆ ಸರ್, ಹೊಸದಾಗಿ ಹಾಕಿಬಿಡೋಣ. ನಿಮ್ಮ ಫೈಲ್ ಎಲ್ಲ ಕಾಪಿ ಮಾಡ್ಕೊಳ್ಳಿ” ಅಂದ. ಒಳ್ಳೆಯ ಹುಡುಗ. ನನಗೆ ಕೆಡುಕಾಗಲಿ ಅಂತ ಹೇಳಿದ್ದಲ್ಲ.

ಡೆಸ್ಕ್‌ಟಾಪ್ ಮೇಲಿದ್ದದ್ದು, ಡಾಕ್ಯುಮೆಂಟ್ಸ್, ಫೋಟೋಗಳು, ಡೌನ್‌ಲೋಡ್ಸ್ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಎಲ್ಲ ಬಂತು ಎಂದುಕೊಂಡೆ. ಒಂದು ಗಂಟೆಯಲ್ಲಿ ಹೊಸ ವಿಂಡೋಸ್ ಬಂದು ಕೂತಿತು.

ನಾನು ಮೇಲ್ ನೋಡುತ್ತಿದ್ದದ್ದು ಥಂಡರ್‌ಬರ್ಡ್‌ನಲ್ಲಿ. ಎಷ್ಟೋ ವರ್ಷಗಳ ಹಿಂದೆ ಅದನ್ನು ಪಾಪ್ ವಿಧಾನದಲ್ಲಿ ಜೋಡಿಸಿದ್ದೆ. ಅಂದರೆ ಮೇಲ್ ನನ್ನ ಕಂಪ್ಯೂಟರ್‌ಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗುತ್ತಿತ್ತು. ಇಳಿದದ್ದೆಲ್ಲ ಸೇರುತ್ತಿದ್ದದ್ದು ಸಿ ಡ್ರೈವ್‌ನಲ್ಲಿ, ಯೂಸರ್ಸ್ ಒಳಗೆ ನನ್ನ ಹೆಸರಿನ ಫೋಲ್ಡರ್‌ನಲ್ಲಿರುವ ಆಪ್‌ಡೇಟಾಕ್ಕೆ. ಈ ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕದಿದ್ದರೆ ಅದು ಕಾಣುವುದೇ ಇಲ್ಲ. ಬ್ರೌಸರ್‌ನ ಬುಕ್‌ಮಾರ್ಕ್‌ಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು, ಸ್ಟಿಕಿ ನೋಟ್ಸ್‌ನಲ್ಲಿ ಬರೆದಿಟ್ಟದ್ದು ಇರುವುದೂ ಅಲ್ಲೇ. ಆನ್‌ಲೈನ್ ಖಾತೆಗೆ ಸಿಂಕ್ ಆಗಿದ್ದರೆ ವಾಪಸ್ ಬರುತ್ತವೆ, ಇಲ್ಲದಿದ್ದರೆ ಇಲ್ಲ. ‘ನಿಮ್ಮ ಫೈಲ್ ಎಲ್ಲ’ ಅಂದಾಗ ಇದು ಯಾರ ನೆನಪಿಗೂ ಬರುವುದಿಲ್ಲ, ಅಲ್ವಾ?

ಮೂರನೇ ದಿನ ಕಂಪ್ಯೂಟರ್ ಮತ್ತೆ ಹ್ಯಾಂಗ್ ಆಯಿತು. ಅದೇ ರೀತಿ. ಅದೇ ಅರ್ಧ ನಿಮಿಷ.

ಆಗ ನಾನೇ ಕೂತು ಹುಡುಕಿದೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಒಂದಿದೆ. ಒಳಗೆ ನಡೆದ ತಪ್ಪುಗಳನ್ನೆಲ್ಲ ಅದು ಗಂಟೆ, ನಿಮಿಷದ ಸಮೇತ ಬರೆದಿಡುತ್ತದೆ. ಅದರ ಸಿಸ್ಟಮ್ ಲಾಗ್‌ನಲ್ಲಿ, ಹ್ಯಾಂಗ್ ಆದ ಹೊತ್ತಿಗೇ ಸರಿಯಾಗಿ, ‘ಸ್ಟೋರ್‌ಎಎಚ್‌ಸಿಐ, 129’ ಎಂಬ ಎಚ್ಚರಿಕೆ ಇತ್ತು. ಡಿಸ್ಕ್ ಉತ್ತರ ಕೊಡಲಿಲ್ಲ, ಅದಕ್ಕೇ ರೀಸೆಟ್ ಮಾಡಬೇಕಾಯಿತು ಎಂಬುದು ಅದರ ಅರ್ಥ. ಮೊದಲ ವಾರದ ಲಾಗ್‌ನಲ್ಲೂ ಇದೇ ಇದ್ದಿರಬೇಕು. ಆದರೆ ಫಾರ್ಮ್ಯಾಟ್ ಅದನ್ನೂ ಅಳಿಸಿತ್ತು. ಕಾಯಿಲೆಯ ಗುರುತು ಎಲ್ಲಿ ಬರೆದಿತ್ತೋ ಆ ಹಾಳೆಯನ್ನೇ ನಾವು ಮೊದಲು ಹರಿದುಹಾಕಿದ್ದೆವು.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅದನ್ನು ಸ್ಮಾರ್ಟ್ ಎನ್ನುತ್ತಾರೆ, ಫಾರ್ಮ್ಯಾಟ್ ಮಾಡಿದರೂ ಅದು ಹೋಗುವುದಿಲ್ಲ. ಅದನ್ನು ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಆಪ್ ಹಾಕಿ ನೋಡಿದೆ. ಕೆಟ್ಟ ಸೆಕ್ಟರ್, ಅಂದರೆ ಡಿಸ್ಕ್‌ನಲ್ಲಿ ಹಾಳಾದ ಜಾಗ, ಒಂದೂ ಇಲ್ಲ. ಆದರೆ ಸಿ7 ಎಂಬ ಸಾಲಿನಲ್ಲಿ, ಅಂದರೆ ಸಿಆರ್‌ಸಿ ತಪ್ಪುಗಳ ಎಣಿಕೆಯಲ್ಲಿ, ಸಾವಿರಕ್ಕೂ ಜಾಸ್ತಿ ಇತ್ತು. ಪ್ರತಿ ಸಲ ಹ್ಯಾಂಗ್ ಆದಾಗಲೂ ಅದು ಏರುತ್ತಿತ್ತು. ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಮಾಹಿತಿ ಕೆಡುತ್ತಿದೆ ಎಂದು ಅದು ಹೇಳುತ್ತಿತ್ತು. ಹೆಚ್ಚಾಗಿ ಇದಕ್ಕೆ ಕಾರಣ ಇವೆರಡನ್ನೂ ಜೋಡಿಸುವ ಸಾಟಾ ಕೇಬಲ್. ನನ್ನದರಲ್ಲಿ ಅದರ ಒಂದು ತುದಿ ಸಡಿಲವಾಗಿತ್ತು. ಕೇಬಲ್ ಬದಲಾಯಿಸಲು ಹತ್ತು ನಿಮಿಷ ಸಾಕಾಯಿತು.

ಅಕ್ಕನ ಮೇಲ್‌ಗಳನ್ನು ಮರಳಿ ಪಡೆಯಲು ಎರಡು ರಾತ್ರಿ ಕೂತೆ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಸ್ವಲ್ಪ ಆಸೆ ಇತ್ತು. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಅಂದರೆ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ, ಮೇಲೆ ಬೇರೇನೂ ಬರೆಯುವ ತನಕ ಫೈಲ್ ಒಳಗೇ ಇರುತ್ತದೆ. ಆದರೆ ನನ್ನದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಬರೆದಿಡುವ ಡಿಸ್ಕ್. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಸೂಚನೆ ಕಳಿಸುತ್ತದೆ. ಈ ಜಾಗ ಇನ್ನು ಬೇಕಿಲ್ಲ ಅಂತ. ಎಸ್‌ಎಸ್‌ಡಿ ಅದನ್ನು ನಿಜವಾಗಿಯೇ ಖಾಲಿ ಮಾಡಿಬಿಡುತ್ತದೆ. ಬರೀ ಸೊನ್ನೆಗಳು ಸಿಕ್ಕವು.

ಇನ್ನೂ ನೋವಾಗುವುದು ಒಂದು ವಿಷಯಕ್ಕೆ. ವಿಂಡೋಸ್ ಹಾಕುವಾಗ ಹಳೆಯ ಪಾರ್ಟಿಷನ್, ಅಂದರೆ ಹಳೆಯ ವಿಂಡೋಸ್ ಇದ್ದ ಡಿಸ್ಕ್‌ನ ಭಾಗ, ಅಳಿಸದೆ, ಫಾರ್ಮ್ಯಾಟ್ ಮಾಡದೆ, ಸುಮ್ನೆ ಅದನ್ನು ಆರಿಸಿ ಮುಂದೆ ಹೋಗಿದ್ದರೆ ಹಳೆಯದೆಲ್ಲ ವಿಂಡೋಸ್.ಓಲ್ಡ್ ಎಂಬ ಫೋಲ್ಡರ್‌ಗೆ ಸೇರುತ್ತಿತ್ತು. ಆಪ್‌ಡೇಟಾ ಸಮೇತ. ಅದು ಶಾಶ್ವತವಲ್ಲ, ಸಾಮಾನ್ಯವಾಗಿ 10 ದಿನದ ಮೇಲೆ ವಿಂಡೋಸ್ ಅದನ್ನು ತಾನೇ ತೆಗೆದುಹಾಕುತ್ತದೆ. ಆದರೆ ನನಗೆ ಬೇಕಿದ್ದದ್ದು ಮೂರೇ ದಿನ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ಮೊದಲು ಈವೆಂಟ್ ವ್ಯೂವರ್ ನೋಡಿ. ಅದು ಕಷ್ಟ ಅನ್ನಿಸಿದರೆ ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಅಂತ ಹುಡುಕಿ, ಯಾವ ದಿನ ಏನು ಕೆಟ್ಟಿತು ಎಂದು ಕೆಂಪು ಗುರುತಿನಲ್ಲಿ ತೋರಿಸುತ್ತದೆ. ಆಮೇಲೆ ಡಿಸ್ಕ್‌ನ ಸ್ಮಾರ್ಟ್ ನೋಡಿ. ಪ್ರತಿ ಸಲ ಬೇರೆ ಬೇರೆ ತಪ್ಪಿನ ಹೆಸರಿನ ನೀಲಿ ಪರದೆ ಬಂದು ಕಂಪ್ಯೂಟರ್ ನಿಲ್ಲುತ್ತಿದ್ದರೆ, ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ. ರ್‍ಯಾಮ್ ಕೆಟ್ಟಿದ್ದರೆ ಹೊಸದಾಗಿ ಹಾಕಿದ ವಿಂಡೋಸ್ ಕೂಡ ಕೆಡುತ್ತದೆ. ಇಷ್ಟರಲ್ಲೂ ಏನೂ ಸಿಗದೆ ವಿಂಡೋಸ್ ಫೈಲ್‌ಗಳೇ ಕೆಟ್ಟಿವೆ ಅನ್ನಿಸಿದರೆ ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಮತ್ತು ಎಸ್‌ಎಫ್‌ಸಿ ಕಮಾಂಡ್‌ಗಳು ಅವುಗಳನ್ನು ಸರಿಮಾಡುತ್ತವೆ. ಅದೂ ಆಗದಿದ್ದರೆ ವಿಂಡೋಸ್ ಒಳಗಿನಿಂದಲೇ ಸೆಟಪ್ ಓಡಿಸಿ, ಫೈಲ್ ಮತ್ತು ಆಪ್‌ಗಳನ್ನು ಉಳಿಸಿಕೊಂಡೇ ಮತ್ತೆ ಹಾಕಬಹುದು.

ಫಾರ್ಮ್ಯಾಟ್ ಯಾವಾಗಲೂ ತಪ್ಪು ಎನ್ನುತ್ತಿಲ್ಲ. ವೈರಸ್ ಆಳಕ್ಕೆ ಇಳಿದಿದ್ದರೆ, ಕಂಪ್ಯೂಟರ್ ಬೇರೆಯವರಿಗೆ ಕೊಡುವುದಿದ್ದರೆ ಅದೇ ಸರಿ. ಆಗಲೂ ಮೊದಲು ಇಡೀ ಡಿಸ್ಕ್‌ನ ಇಮೇಜ್ ಅನ್ನು, ಅಂದರೆ ಅದರಲ್ಲಿರುವುದೆಲ್ಲದರ ಪೂರ್ತಿ ನಕಲನ್ನು, ಬೇರೊಂದು ಡಿಸ್ಕ್‌ಗೆ ತೆಗೆದುಕೊಳ್ಳಿ. ಫೋಲ್ಡರ್ ಆರಿಸಿ ಕಾಪಿ ಮಾಡುವುದು ಸಾಲದು. ಏನು ಮರೆತಿದ್ದೇವೆ ಎಂಬುದು ಅದು ಹೋದ ಮೇಲೇ ಗೊತ್ತಾಗುತ್ತದೆ.

ಸಿ7ರ ಎಣಿಕೆ ಒಮ್ಮೆ ಏರಿದರೆ ಇಳಿಯುವುದಿಲ್ಲ. ಕೇಬಲ್ ಬದಲಾಯಿಸಿದ ದಿನ ನನ್ನದರಲ್ಲಿ 1,184 ಇತ್ತು. ಇವತ್ತೂ ಅಷ್ಟೇ ಇದೆ.