ಸಿಸಿಟಿವಿ ಪೆಟ್ಟಿಗೆಗೆ ವೈರಸ್ ಬಂದು ಅಪ್ಪ ಅಮ್ಮನ ಫೋನೇ ಬಂದ್ ಆಯಿತು

ಮನೆಗೆ ಸಿಸಿಟಿವಿ ಹಾಕಿಸಿದವರು ದಯವಿಟ್ಟು ಇದನ್ನು ಪೂರ್ತಿ ಓದಿ.

ದಾವಣಗೆರೆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ. ಕಳೆದ ವರ್ಷ ಅಲ್ಲಿಗೆ ನಾಲ್ಕು ಕ್ಯಾಮೆರಾ, ಅವುಗಳ ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ ಅಂದರೆ ಒಂದು ಡಿವಿಆರ್ ಹಾಕಿಸಿದೆ. ನನ್ನ ಮೊಬೈಲಿನಲ್ಲೂ ಕಾಣಲಿ ಅಂತ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ಇಂಟರ್‌ನೆಟ್‌ನಲ್ಲಿ ಮನೆಗೆ ಬದಲಾಗದ ಒಂದು ವಿಳಾಸ, ತಗೊಂಡೆ. ಕ್ಯಾಮೆರಾ ಹಾಕಿದ ಹುಡುಗ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಡಿವಿಆರ್‌ಗೆ ಬರುವ ದಾರಿ, ತೆರೆದುಕೊಟ್ಟ. ಪಾಸ್‌ವರ್ಡ್ ಕೇಳಿದ್ದಕ್ಕೆ, "ಅಡ್ಮಿನ್ ಅಂತಲೇ ಇದೆ ಸಾರ್, ಮರೆಯಲ್ಲ" ಅಂದ. ನಾನೂ ಸುಮ್ಮನಾದೆ. ತಪ್ಪಾಗಿದ್ದು ಅಲ್ಲೇ.

ಆರೇಳು ತಿಂಗಳು ಕಳೆದಿರಬೇಕು. ಒಂದು ಶನಿವಾರ ಸಂಜೆ ಫೋನ್ ಮಾಡಿದರೆ ಹೋಗಲೇ ಇಲ್ಲ. ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಲ್ಯಾಂಡ್‌ಲೈನ್ ಬರುವುದೂ ಅದೇ ಫೈಬರ್‌ನಲ್ಲಿ. ಕ್ಯಾಮೆರಾ ನೋಡೋಣ ಅಂದರೆ ಅದೂ ಇಲ್ಲ. ಪಕ್ಕದ ಮನೆಯವರು ಹೋಗಿ ನೋಡಿ, ಇಬ್ಬರೂ ಚೆನ್ನಾಗಿದ್ದಾರೆ ಅನ್ನುವವರೆಗೆ ನನ್ನ ಕೈಕಾಲು ಆಡಲಿಲ್ಲ.

ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದೆ. "ನಿಮ್ಮ ಕನೆಕ್ಷನ್‌ನಲ್ಲಿ ವೈರಸ್ ಇದೆ ಸಾರ್, ಬ್ಲಾಕ್ ಆಗಿದೆ. ಕ್ಲೀನ್ ಮಾಡಿಸಿ ಹೇಳಿ" ಅಂದರು. ಯಾವ ವೈರಸ್ ಅಂದರೆ, "ನಮಗೆ ಅಷ್ಟೇ ಕಾಣುತ್ತೆ ಸಾರ್."

ರಾತ್ರಿ ಬಸ್ಸು ಹತ್ತಿದೆ. ಭಾನುವಾರವಿಡೀ ಕೂತು ಅಪ್ಪನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದೆ. ನಮ್ಮ ಬೀದಿಯ ಗಣಪತಿ ಸಮಿತಿಯ ಎರಡು ವರ್ಷದ ಲೆಕ್ಕ ಅದರಲ್ಲಿತ್ತು, ಹೋಯಿತು. ಸೋಮವಾರ ಬ್ಲಾಕ್ ತೆಗೆದರು. ಸಂಜೆಗೆ ಮತ್ತೆ ಬಂದ್!

ಕೊನೆಗೆ ಕಂಡುಹಿಡಿದಿದ್ದು ಲೈನ್‌ಮನ್. ರೂಟರ್‌ನಲ್ಲಿ ಒಂದು ದೀಪ ಬಿಡುವಿಲ್ಲದೆ ಮಿಣುಕುತ್ತಿತ್ತು. ಅದು ಡಿವಿಆರ್ ವೈರು. ಕ್ಯಾಮೆರಾ ನೋಡುವವರು ಯಾರೂ ಇಲ್ಲ, ಆದರೂ ಅದು ಏನನ್ನೋ ಕಳಿಸುತ್ತಲೇ ಇತ್ತು.

ಡಿವಿಆರ್ ಅಂದರೆ ಒಂದು ಪುಟ್ಟ ಕಂಪ್ಯೂಟರ್, ಅಷ್ಟೇ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ವೈರಸ್ ಥರದ ಕೆಟ್ಟ ಪ್ರೋಗ್ರಾಂ) ಹರಡಿದ್ದು ಇಂಥ ಪೆಟ್ಟಿಗೆ, ಕ್ಯಾಮೆರಾ, ರೂಟರ್‌ಗಳಲ್ಲೇ. ಇಂಥ ಯಂತ್ರಗಳಿಗೆ ಕಾರ್ಖಾನೆಯಲ್ಲೇ ಇಟ್ಟಿರುವ ಸುಮಾರು 60 ಪಾಸ್‌ವರ್ಡ್‌ಗಳ ಪಟ್ಟಿ ಅದರ ಬಳಿ ಇತ್ತು. ಒಂದೊಂದಾಗಿ ಹಾಕಿ ನೋಡುತ್ತಾ ಒಳಗೆ ನುಗ್ಗುತ್ತಿತ್ತು. ಆ ವರ್ಷ ಅಕ್ಟೋಬರ್ 21ರಂದು ಇಂಥ ಯಂತ್ರಗಳೆಲ್ಲ ಸೇರಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ಮುಗಿಬಿದ್ದವು. ಅಮೆರಿಕದಲ್ಲಿ ಎಷ್ಟೋ ಜನಕ್ಕೆ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯಲಿಲ್ಲ. 2017ರ ಜುಲೈನಲ್ಲಿ ನಮ್ಮ ದೇಶದಲ್ಲೇ ಬಿಎಸ್‌ಎನ್‌ಎಲ್ ಮೋಡೆಮ್‌ಗಳು ಕೈಕೊಟ್ಟಾಗಲೂ, ಪೆಟ್ಟು ತಿಂದಿದ್ದು ಪಾಸ್‌ವರ್ಡ್ ಬದಲಿಸದೇ ಇದ್ದ ಮೋಡೆಮ್‌ಗಳು.

ಹಾಗಾದರೆ ಕಂಪನಿ ಬ್ಲಾಕ್ ಮಾಡಿದ್ದು ಸರಿಯೇ? ಸರಿ ಅಂತಲೇ ಹೇಳುತ್ತೇನೆ. ನಮ್ಮ ಪೆಟ್ಟಿಗೆ ಊರವರ ಮನೆ ಬಾಗಿಲು ಒದೆಯುತ್ತಿದ್ದರೆ ಅದನ್ನು ಯಾರಾದರೂ ತಡೆಯಲೇಬೇಕಲ್ವಾ? ಆದರೆ ವಯಸ್ಸಾದವರ ಮನೆಯ ಫೋನ್ ಕಿತ್ತುಹಾಕುವುದು ತಪ್ಪು. ನೆಟ್ ನಿಲ್ಲಿಸಲಿ, ಕರೆ ಹೋಗಲು ಬಿಡಲಿ. ಇನ್ನೊಂದು ಮಾತು. ಮನೆಯೊಳಗೆ ಯಾವ ಯಂತ್ರ ಕೆಟ್ಟಿದೆ ಅಂತ ಕಂಪನಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಹೊರಗಿನಿಂದ ಮನೆಗೆಲ್ಲ ಒಂದೇ ಐಪಿ. ಆದರೆ ಅವರಿಗೆ ಬಂದ ದೂರಿನಲ್ಲಿ ಅದು ಕ್ಯಾಮೆರಾ, ಡಿವಿಆರ್‌ಗೆ ಬರುವ ಮಾಲ್‌ವೇರ್ ಅಂತ ಬರೆದಿತ್ತು. ಆ ಒಂದು ಸಾಲು ಓದಿ ಹೇಳಿದ್ದರೆ ನಾನು ಲ್ಯಾಪ್‌ಟಾಪ್ ಮುಟ್ಟುತ್ತಲೇ ಇರಲಿಲ್ಲ.

ಆ ಸಾಲು ಈಮೇಲ್‌ನಲ್ಲೂ ಬಂದಿತ್ತಂತೆ, ಎರಡು ವಾರ ಮೊದಲೇ. ಕನೆಕ್ಷನ್ ಕೊಟ್ಟ ಏಜೆಂಟ್ ಫಾರಂನಲ್ಲಿ ತನ್ನದೇ ಈಮೇಲ್ ಬರೆದುಕೊಂಡಿದ್ದ! ನಿಮ್ಮ ಖಾತೆಯಲ್ಲಿ ಯಾರ ಈಮೇಲ್, ಯಾರ ನಂಬರ್ ಇದೆ ಅಂತ ಇವತ್ತೇ ನೋಡಿ.

ಡಿವಿಆರ್ ಆಫ್ ಮಾಡಿ ಆನ್ ಮಾಡಿದರೆ ಇಂಥ ಮಾಲ್‌ವೇರ್ ಎಷ್ಟೋ ಸಲ ಅಳಿಸಿಹೋಗುತ್ತದೆ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಮತ್ತೆ ಬರುತ್ತದೆ. ಮೊದಲು ಡಿವಿಆರ್‌ನ ನೆಟ್ ವೈರು ಕೀಳಿ, ರೀಸೆಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ರೂಟರ್‌ನಲ್ಲಿ ತೆರೆದ ಪೋರ್ಟ್ ಮುಚ್ಚಿ, ಆಮೇಲೆ ಜೋಡಿಸಿ. ಕಂಪ್ಯೂಟರ್, ಮೊಬೈಲ್ ಮೇಲೆ ಅನುಮಾನ ಇದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಟೂಲ್‌ಗಳಿವೆ. "ನೆಟ್ ಕಂಪನಿಯಿಂದ ಮಾತಾಡ್ತಿದೀವಿ, ವೈರಸ್ ತೆಗೀತೀವಿ, ಈ ಆಪ್ ಹಾಕಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ನೀವೇ ಬಿಲ್‌ನಲ್ಲಿರುವ ನಂಬರಿಗೆ ಕರೆ ಮಾಡಿ.

ಕ್ಯಾಮೆರಾ ಹಾಕಿದ ಹುಡುಗನನ್ನು ಕರೆಸಿ ಕೇಳಿದೆ. ನಮ್ಮ ಬೀದಿಯಲ್ಲೇ ಹನ್ನೊಂದು ಮನೆಗೆ ಅದೇ ಪಾಸ್‌ವರ್ಡ್ ಇಟ್ಟಿದ್ದಾನೆ. ಅಪ್ಪ, ನಾನು ಮನೆಮನೆಗೆ ಹೋಗಿ ಒಂಬತ್ತು ಕಡೆ ಬದಲಿಸಿದೆವು. ಉಳಿದ ಎರಡು ಮನೆಗೆ ಬೀಗ. ಅವರ ನಂಬರ್ ಹುಡುಕುತ್ತಿದ್ದೇವೆ.