ತಾಮ್ರ ಅಳೆಯುವ ಪುಟ್ಟ ಯಂತ್ರ: ಹಾನಾ ಎಚ್‌ಐ702, ದೀರ್ಘ ಬಳಕೆಯ ನಂತರ

ಈ ಯಂತ್ರ ಮೀನಿನ ರೋಗವನ್ನು ವಾಸಿ ಮಾಡುವುದಿಲ್ಲ. ಆ ರೋಗಕ್ಕೆ ಔಷಧವಾಗಿ ನೀರಿಗೆ ಬೆರೆಸುವ ತಾಮ್ರ ಎಷ್ಟಿದೆ ಎಂದು ತೋರಿಸುತ್ತದೆ, ಅಷ್ಟೇ. ಆದರೂ ಹವಳದ ಟ್ಯಾಂಕ್ ಸಾಕುವ ಹವ್ಯಾಸಕ್ಕೆ ನಾನು ಕೊಂಡ ಸಾಮಾನುಗಳಲ್ಲಿ, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಒಂದನ್ನು ಬಿಟ್ಟರೆ, ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಸಮುದ್ರದ ಮೀನುಗಳ ಬಿಳಿ ಚುಕ್ಕೆ ರೋಗ, ಹವ್ಯಾಸಿಗಳ ಬಾಯಲ್ಲಿ ‘ಇಕ್’, ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿಯ ಕೆಲಸ. ಅದು ಮೀನಿನ ಚರ್ಮ, ಕಿವಿರುಗಳ ಪದರದಡಿ ಕೆಲವು ದಿನ ತಿಂದು ಕೊಬ್ಬುತ್ತದೆ. ಆಮೇಲೆ ಉದುರಿ, ಕಲ್ಲಿಗೋ ಮರಳಿಗೋ ಅಂಟಿಕೊಂಡು, ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಕವಚ ಒಡೆದಾಗ ನೂರಾರು ಮರಿಗಳು ಹೊರಬಂದು ಹೊಸ ಮೀನನ್ನು ಹುಡುಕುತ್ತ ಈಜುತ್ತವೆ. ಚರ್ಮದಡಿ ಇರುವಾಗ ಔಷಧ ಅದಕ್ಕೆ ತಾಗದು, ಕವಚದೊಳಗೆ ಇರುವಾಗಲೂ ತಾಗದು. ತಾಮ್ರದ ಕೈಗೆ ಸಿಗುವುದು ಈಜುವ ಮರಿಗಳು ಮಾತ್ರ. ಎರಡೇ ದಿನದಲ್ಲಿ ಚುಕ್ಕೆ ಮಾಯವಾಯಿತೆಂದು ಸಂಭ್ರಮಿಸುವವರು ಇನ್ನೊಂದಿಷ್ಟು ದಿನ ಕಾಯಲಿ.

ಆದ್ದರಿಂದ ತಾಮ್ರವನ್ನು ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಲ್ಲಿಸಬೇಕು. ಕಿಲೇಟೆಡ್ ತಾಮ್ರವಾದರೆ (ಬೇರೆ ರಾಸಾಯನಿಕದ ಕಟ್ಟು ಹಾಕಿ ನೀರಿನಲ್ಲಿ ಕರಗಿಯೇ ಉಳಿಯುವಂತೆ ಮಾಡಿದ್ದು) ಸಾಮಾನ್ಯವಾಗಿ 2.0ರಿಂದ 2.5 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ), ಅಯಾನಿಕ್ ತಾಮ್ರವಾದರೆ (ಹಾಗೆ ಕಟ್ಟು ಹಾಕದ್ದು) 0.5ರ ಆಸುಪಾಸು. ಇಳಿದರೆ ಪರಾವಲಂಬಿ ಬದುಕುತ್ತದೆ, ಏರಿದರೆ ಮೀನು ಮೇವು ಬಿಡುತ್ತದೆ. ಬಣ್ಣದ ಕಾರ್ಡಿನ ಕಿಟ್‌ನಲ್ಲಿ 1.5 ಮತ್ತು 2.0ರ ನಡುವಿನ ನೀಲಿಯನ್ನು ಟ್ಯೂಬ್‌ಲೈಟ್ ಕೆಳಗೆ ಗುರುತಿಸುವುದು ಕಣ್ಣಿನ ಕೆಲಸವಲ್ಲ, ನಂಬಿಕೆಯ ಕೆಲಸ. ಎಚ್‌ಐ702 ಆ ನಂಬಿಕೆಯ ಜಾಗಕ್ಕೆ ಅಂಕಿ ತಂದಿತು. 0ರಿಂದ 5 ಪಿಪಿಎಂವರೆಗೆ ಓದುತ್ತದೆ. ಬಳಕೆ ಸುಲಭ: 10 ಮಿಲಿಲೀಟರ್ ನೀರಿನ ಗಾಜಿನ ಸೀಸೆಯನ್ನು ಇಟ್ಟು ಸೊನ್ನೆ ಮಾಡಿಕೊಂಡು, ತಾಮ್ರದೊಂದಿಗೆ ಸೇರಿ ಬಣ್ಣ ಕೊಡುವ ರಿಯೇಜೆಂಟ್ ಪುಡಿ ಹಾಕಿ ಅಲ್ಲಾಡಿಸಿ, ಮತ್ತೆ ಓದಿಸಬೇಕು. ತಾಮ್ರವಿದ್ದರೆ ನೀರು ನೇರಳೆಗೆ ತಿರುಗುತ್ತದೆ. ಸೀಸೆಯ ಮೇಲಿನ ಬೆರಳಚ್ಚು, ಒಳಗಿನ ಗಾಳಿಗುಳ್ಳೆ ಎರಡೂ ಅಂಕಿಯನ್ನು ಕೆಡಿಸುತ್ತವೆ. ಒಂದು ಹತ್ತಿ ಬಟ್ಟೆಯನ್ನು ಇದಕ್ಕೆಂದೇ ಪಕ್ಕದಲ್ಲಿ ಇಟ್ಟುಕೊಳ್ಳಿ.

ಇದರ ನಿಖರತೆಯ ಮಿತಿ 0.05 ಪಿಪಿಎಂ ಮತ್ತು ಅಳತೆಯ ಶೇಕಡಾ 5. ಅಂದರೆ ಪರದೆಯ ಮೇಲೆ 2.25 ಕಂಡರೆ ನಿಜವಾದದ್ದು ಸುಮಾರು 2.09ರಿಂದ 2.41ರ ನಡುವೆ ಎಲ್ಲಿಯೂ ಇರಬಹುದು. ಕಿಲೇಟೆಡ್ ತಾಮ್ರಕ್ಕೆ ಇದು ಧಾರಾಳವಾಗಿ ಸಾಕು. ಅಯಾನಿಕ್ ತಾಮ್ರದ 0.5ಕ್ಕೆ ಅದೇ ಲೆಕ್ಕ ಹಾಕಿದರೆ ಶೇಕಡಾ 15ರಷ್ಟು ಅತ್ತಿತ್ತ ಆಗುತ್ತದೆ. ಅದಕ್ಕೇ ನಾನು ಕಿಲೇಟೆಡ್ ಪಕ್ಷ.

ಯಂತ್ರ ಕಲಿಸಿದ ದೊಡ್ಡ ಪಾಠವೆಂದರೆ ತಾಮ್ರ ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಎಂಬುದು. ಸುಣ್ಣದಂಶದ ಕಲ್ಲು, ಹವಳದ ಮರಳು ಅದನ್ನು ಹೀರುತ್ತವೆ. ಫಿಲ್ಟರಿನಲ್ಲಿ ಇದ್ದಿಲು ಉಳಿದಿದ್ದರೆ ಅದೂ ಎಳೆದುಕೊಳ್ಳುತ್ತದೆ. ಹಾಗಾಗಿ ಮೀನನ್ನು ಬೇರೆ ಇಟ್ಟು ಚಿಕಿತ್ಸೆ ಕೊಡುವ ನನ್ನ ಕ್ವಾರಂಟೈನ್ ಟ್ಯಾಂಕಿನಲ್ಲಿ ಬರಿಯ ಗಾಜಿನ ತಳ, ಅಡಗಲು ಪಿವಿಸಿ ಪೈಪಿನ ತುಂಡುಗಳು, ಒಂದು ಸ್ಪಂಜ್ ಫಿಲ್ಟರ್. ಬೆಂಗಳೂರಿನಲ್ಲಿ ಸಮುದ್ರದ ನೀರು ಎಂದರೆ ಆರ್‌ಓ ನೀರಿಗೆ ಉಪ್ಪಿನ ಪುಡಿ ಕಲಸಿದ್ದು. ಅಮೋನಿಯ ಏರಿತೆಂದು ನೀರು ಬದಲಿಸುವಾಗ ಆ ಹೊಸ ನೀರಿಗೂ ಮೊದಲೇ ಅಷ್ಟೇ ತಾಮ್ರ ಬೆರೆಸಿ, ಅಳೆದು ಸುರಿಯಬೇಕು.

ಮಲೆನಾಡಿನ ಕಡೆಯವರು ಒಂದು ಪ್ರಶ್ನೆ ಕೇಳುವುದುಂಟು: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೂ ತಾಮ್ರವೇ ತಾನೇ? ತಾಮ್ರವೇ. ಆದರೆ ತೋಟದ ಮೈಲುತುತ್ತದ ಶುದ್ಧತೆಗೆ ಮೀನಿನ ಲೆಕ್ಕದಲ್ಲಿ ಖಾತರಿಯಿಲ್ಲ. ಕಟ್ಟು ಹಾಕದ ತಾಮ್ರ ಉಪ್ಪುನೀರಿನಲ್ಲಿ ಕಾರ್ಬೊನೇಟ್ ಆಗಿ ತಳ ಸೇರುತ್ತ ಹೋಗುವುದರಿಂದ ಮಟ್ಟ ನಿಲ್ಲುವುದೂ ಇಲ್ಲ. ತೋಟದ್ದು ತೋಟಕ್ಕೇ ಇರಲಿ.

ಹವಳವಿರುವ ಮುಖ್ಯ ಟ್ಯಾಂಕಿನಲ್ಲಿ ರೋಗ ಕಂಡವರಿಗೆ ಈ ಯಂತ್ರದಿಂದ ನೇರ ಉಪಯೋಗವಿಲ್ಲ. ಅಲ್ಲಿಗೆ ತಾಮ್ರ ಸುರಿದರೆ ಸೀಗಡಿ, ಬಸವನಹುಳು, ಹವಳ ಎಲ್ಲಕ್ಕೂ ವಿಷ. ಮೀನುಗಳನ್ನೆಲ್ಲ ಹಿಡಿದು ಕ್ವಾರಂಟೈನ್‌ಗೆ ಒಯ್ಯಬೇಕು, ಪರಾವಲಂಬಿ ಮೀನು ಸಿಗದೆ ಸಾಯಲೆಂದು ಮುಖ್ಯ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡಬೇಕು. ಕಲ್ಲುಗಳನ್ನೆಲ್ಲ ಎತ್ತಿ ಟ್ಯಾಂಗ್‌ನಂಥ ಚುರುಕು ಮೀನು ಹಿಡಿಯುವುದು ಯಾರಿಗೂ ಬೇಡವಾದ ಕೆಲಸ. ಆ ಬೇಸರವನ್ನೇ ಬಂಡವಾಳ ಮಾಡಿಕೊಂಡು ‘ಹವಳಕ್ಕೆ ಅಪಾಯವಿಲ್ಲ’ ಎಂದು ಬಾಟಲಿ ಮಾರುವವರಿದ್ದಾರೆ. ಅಂಥದ್ದರಿಂದ ಇಕ್ ಪೂರ್ತಿ ಹೋದ ಟ್ಯಾಂಕನ್ನು ನಾನಂತೂ ನೋಡಿಲ್ಲ. ಇಕ್‌ಗಿಂತ ಬೇಗ ಕೊಲ್ಲುವ, ಇನ್ನೊಂದು ಪರಾವಲಂಬಿಯ ವೆಲ್ವೆಟ್ ರೋಗವಾದರೆ ಬಾಟಲಿ ಬರುವುದರೊಳಗೇ ಮೀನು ಸತ್ತಿರುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ರಿಯೇಜೆಂಟ್ ಖರ್ಚಿಗೆ. ಒಂದು ಪೊಟ್ಟಣದಲ್ಲಿ 25 ಪರೀಕ್ಷೆ. ದಿನಕ್ಕೊಂದು ಮಾಡಿದರೆ ಒಂದು ತಿಂಗಳ ಚಿಕಿತ್ಸೆ ಮುಗಿಯುವ ಮೊದಲೇ ಪುಡಿ ಮುಗಿಯುತ್ತದೆ, ನಮ್ಮ ಅಂಗಡಿಗಳಲ್ಲಿ ಅದು ಸದಾ ಸಿಗುವ ಮಾಲಲ್ಲ. ಯಂತ್ರ ಕೊಳ್ಳುವ ದಿನವೇ ಎರಡು ಪೊಟ್ಟಣ ತರಿಸಿ, ಅವುಗಳ ಅವಧಿ ಮುಗಿಯುವ ದಿನಾಂಕವನ್ನು ಅಂಗಡಿಯವರ ಎದುರಿಗೇ ನೋಡಿಕೊಳ್ಳಿ.